ಹುಡೇವಿನ ಕಲ್ಲು

“ಮೇಲೆ ಬಾರೋ ಬೋಳಿಮಗನೆ! ಕಿವಿಗೆ ಮದ್ದು ತುಂಬ್ಕಂಡಿದೀಯೇನೋ?”

ಪೇದೆ ಗೋವಿಂದಪ್ಪ ಕ್ವಾರಿಯ ದಂಡೆಯ ಮೇಲೆ ನಿಂತು ಅರಚುತ್ತಿದ್ದ. ಕೆಳಗೆ ನನ್ನ ಭಾವ ಮುದ್ದಪ್ಪ ಬಂಡೆಯ ಮೇಲೆ ಕಾಲು ಅಗಲಿಸಿ ನಿಂತು ಬೆಣೆಗಳಿಗೆ ಸುತ್ತಿಗೆ ಹಾಕುತ್ತಿದ್ದ. ಒಂದೇ ಗೆರೆಯಲ್ಲಿ ಹದಿನಾಲ್ಕು ಗುಂಡಿ, ಗುಂಡಿಗೊಂದು ಕಬ್ಬಿಣದ ಬೆಣೆ. ಎಲ್ಲಕ್ಕೂ ಒಂದೇ ಸಮನಾದ ಏಟು ಬೀಳಬೇಕು. ಒಂದಕ್ಕೆ ಹೆಚ್ಚು, ಒಂದಕ್ಕೆ ಕಮ್ಮಿ ಆಯಿತೆಂದರೆ ಕಲ್ಲು ತನಗೆ ಬೇಕಾದ ಕಡೆ ಸೀಳುತ್ತದೆ.

“ಇನ್ನೊಂದು ಸುತ್ತು ಸಾಮಿ. ಕಲ್ಲು ಬಾಯಿ ಬಿಡ್ತಾ ಐತೆ,” ಎಂದ ಭಾವ, ತಲೆ ಎತ್ತದೆ.

ಗೋವಿಂದಪ್ಪ ಬೂಟುಗಾಲಲ್ಲಿ ಜಾರುತ್ತ ಇಳಿದು ಬಂದು ಎತ್ತಿದ ಕೈಗೆ ಒದ್ದ. ಸುತ್ತಿಗೆ ಓರೆಯಾಗಿ ಕೊನೆಯ ಬೆಣೆಯ ಮೇಲೆ ಬಿತ್ತು. ಬಂಡೆ ಟಪ್ಪೆಂದು ಅಡ್ಡಾದಿಡ್ಡಿ ಸೀಳಿತು. ನಾಲ್ಕು ದಿನದ ಕೆಲಸ. ಭಾವ ತನ್ನ ಕೈ ನೋಡಿಕೊಳ್ಳಲಿಲ್ಲ, ಕಲ್ಲು ನೋಡಿದ.

“ಏನೋ ಗುರಾಯಿಸ್ತೀಯ? ನಡಿ. ಸಾಹೇಬ್ರು ಮೇಲವ್ರೆ.”

ನಾನು ಹತ್ತು ಮಾರು ದೂರದಲ್ಲಿ ಜಲ್ಲಿ ಕುಟ್ಟುತ್ತಿದ್ದೆ. ಕುಟ್ಟುತ್ತಲೇ ಇದ್ದೆ. ಆಮೇಲೆ ಆದದ್ದರಲ್ಲೂ ಬಹಳ ದಿನ ನಾನು ಮಾಡಿದ್ದು ಇಷ್ಟೇ. ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ, ನನ್ನ ಮೇಲೆ ಯಾರೂ ಹೆಚ್ಚಿನ ಆಸೆ ಇಟ್ಟುಕೊಳ್ಳಬಾರದು ಎಂದು.

ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ರಸ್ತೆಯ ಹೊಟ್ಟೆಗೆ ಹೋದದ್ದೆಲ್ಲ ಈ ಕ್ವಾರಿಯ ಕಲ್ಲು. ಕಂಟ್ರಾಕ್ಟರು ಧರ್ಮಪುರದ ಕಡೆಯಿಂದ ನಮ್ಮ ಹದಿನಾಲ್ಕು ಒಡ್ಡರ ಸಂಸಾರಗಳನ್ನು ಲಾರಿಯಲ್ಲಿ ತಂದು ಇಳಿಸಿದ. ಆರು ವರ್ಷ ಗುಡ್ಡ ಒಡೆಸಿದ. ರಸ್ತೆ ಮುಗಿದ ದಿನ ಯಂತ್ರ ಕಟ್ಟಿಕೊಂಡು ಹೋದ. ಗುಂಡಿಯನ್ನೂ ಬಿಟ್ಟ, ನಮ್ಮನ್ನೂ ಬಿಟ್ಟ. ಅರ್ಧ ಗುಂಡಿಗೆ ಹಸಿರು ನೀರು ತುಂಬಿಕೊಂಡಿತು, ದಂಡೆಯ ಮೇಲೆ ನಮ್ಮ ಗುಡಿಸಲುಗಳು ಉಳಿದುಕೊಂಡವು. ಉಳಿದ ಬಂಡೆಯಲ್ಲಿ ಭಾವ ಹೊಸ್ತಿಲು, ಒರಳು, ಗಡಿಕಲ್ಲು ಎಂದು ಏನಾದರೂ ತೆಗೆಯುತ್ತಿದ್ದ. ಊರವರು ನಮ್ಮನ್ನು “ಲಾರಿ ಒಡ್ರು” ಎನ್ನುತ್ತಿದ್ದರು. ಬಾವಿಯ ಹತ್ತಿರ ಹೋದರೆ, “ಲಾರೀಲಿ ಬಂದೋರಿಗೆ ಬಾವಿ ಯಾಕ್ರೋ, ನಿಮ್ ಗುಂಡೀಲೇ ಐತಲ್ಲ ನೀರು,” ಎಂದು ಓಡಿಸುತ್ತಿದ್ದರು.

ಊರಾಚೆ ದಿಬ್ಬದ ಮೇಲೆ ಪಾಳೇಗಾರರ ಕಾಲದ ಹುಡೇವು ಇತ್ತು. ದುಂಡಗೆ ಎದ್ದ ಕಲ್ಲಿನ ಗೋಪುರ. ದಂಡು ಬರುವುದನ್ನು ದೂರದಿಂದ ನೋಡಲು ಕಟ್ಟಿಸಿದ್ದಂತೆ. ಗಾರೆ ಇಲ್ಲ, ಸುಣ್ಣ ಇಲ್ಲ, ಕಲ್ಲಿನ ಮೇಲೆ ಕಲ್ಲು ಕೂತು ಇನ್ನೂರು ವರ್ಷ ನಿಂತಿತ್ತು. ಒಳಗೆ ಕುರಿಯವರು ಮಳೆಗೆ ನಿಲ್ಲುತ್ತಿದ್ದರು, ಇಸ್ಪೀಟು ಆಡುವವರು ಆಡುತ್ತಿದ್ದರು. ಬಂದ ಮೊದಲ ವರ್ಷವೇ ಭಾವ ಅದರೊಳಗೆ ಹೋಗಿ ಕಲ್ಲು ಮುಟ್ಟಿ ನೋಡುತ್ತ ಒಂದು ಕಡೆ ನಿಂತುಬಿಟ್ಟ. ಕಲ್ಲಿನ ಒಳಮುಖದಲ್ಲಿ ಎರಡು ಉದ್ದ ಗೆರೆ, ನಡುವೆ ಮೂರು ಚುಕ್ಕಿ.

ಅದು ಅವನ ಮನೆತನದ ಗುರುತು. ನಮ್ಮಲ್ಲಿ ಒಂದೊಂದು ಮನೆಗೆ ಒಂದೊಂದು ಗುರುತು ಉಂಟು. ಯಾರು ತಿದ್ದಿದ ಕಲ್ಲು ಯಾವುದು ಎಂದು ಮೇಸ್ತ್ರಿಗೆ ಗೊತ್ತಾಗಲಿ ಎಂದು ಹಿಂದಿನವರು ಹಾಕಿಕೊಂಡದ್ದು. ಅಪ್ಪನಿಂದ ಮಗನಿಗೆ ಬರುತ್ತದೆ, ಅಳಿಯನಿಗೆ ಬರುವುದಿಲ್ಲ. ಭಾವ ಆ ದಿನ ಹಟ್ಟಿಗೆ ಓಡಿ ಬಂದು ನನ್ನ ಅಕ್ಕ ಗಿರಿಯಮ್ಮನ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದ. “ನೋಡೇ, ನಾವು ಲಾರೀಲಿ ಬಂದೋರಲ್ಲ. ಈ ಊರು ಕಟ್ಟೋವಾಗ್ಲೇ ನಮ್ಮೋರು ಇಲ್ಲಿದ್ರು,” ಎಂದ. ಆಮೇಲೆ ಊರವರು ಏನು ಬೈದರೂ ಅವನು ನಗುತ್ತಿದ್ದ.

ಈ ಹುಡೇವಿನ ಕಲ್ಲಿನ ಮೇಲೆ ಪಂಚಾಯ್ತಿ ಛೇರ್ಮನ್ ಮುರುಗಪ್ಪನ ಕಣ್ಣು ಬಿತ್ತು. ಹೊಸ ಮನೆ ಕಟ್ಟಿಸುತ್ತಿದ್ದ. ತಳಪಾಯಕ್ಕೆ ತಿದ್ದಿದ ಕಲ್ಲು ಪುಕ್ಕಟೆ ಸಿಗುವಾಗ ಯಾರು ಬಿಡುತ್ತಾರೆ? ಮೊದಲು ಭಾವನನ್ನೇ ಕರೆಸಿದ.

“ಮೇಲಿಂದ ಒಂದೊಂದೇ ಬಿಚ್ಚಿಕೊಡಲೇ ಮುದ್ದ. ಹೆಂಗೂ ಹಾಳುಬಿದ್ದೈತೆ.”

“ಆಗಲ್ಲ ಯಜಮಾನ್ರೆ. ಅದು ನಮ್ಮೋರು ಕಟ್ಟಿದ್ದು.”

“ನಿಮ್ಮೋರಾ?” ಮುರುಗಪ್ಪ ಅಂಗಳದಲ್ಲಿದ್ದವರನ್ನೆಲ್ಲ ನೋಡಿ ನಕ್ಕ. “ಕೇಳಿದ್ರೇನ್ರೋ, ಕೋಟೆ ಇವರದಂತೆ! ನಾಳೆ ನಮ್ಮ ಮನೇನೂ ತನ್ದೇ ಅಂತಾನೆ ಈ ಒಡ್ಡ. ಎದ್ದು ಹೋಗ್ಲೇ ಆಚೆಗೆ, ಜಗಲಿ ಮೈಲಿಗೆ ಆಯ್ತು.”

ಭಾವ ಎದ್ದು ಬಂದ. ನಾನು ಹೋದೆ.

ಆ ದಿನಗಳಲ್ಲಿ ಕ್ವಾರಿಯಲ್ಲಿ ಕೆಲಸ ಇರಲಿಲ್ಲ, ಮಡಕೆಯಲ್ಲಿ ಹಿಟ್ಟಿರಲಿಲ್ಲ. ನಾನು ಮದುವೆಯಿಲ್ಲದವನು, ಅಕ್ಕನ ಮನೆಯಲ್ಲೇ ಬಿದ್ದಿದ್ದವನು. ಮುರುಗಪ್ಪನ ಆಳುಗಳು ಹಾರೆ ಹಾಕಿ ಕಿತ್ತ ಕಲ್ಲನ್ನು ಹನ್ನೊಂದು ದಿನ ಗಾಡಿಗೆ ಹೇರಿದೆ. ದಿನಕ್ಕೆ ಎರಡು ಸೇರು ರಾಗಿ. ಕಣದ ಕೆಲಸಕ್ಕೆ ಹೋಗಿದ್ದೆ ಎಂದು ಅಕ್ಕನಿಗೆ ಸುಳ್ಳು ಹೇಳಿದೆ. ಭಾವ ಮುದ್ದೆಗೆ ಕೈ ಹಾಕುತ್ತ ನನ್ನ ಅಂಗೈ ನೋಡಿದ. ಹುಡೇವಿನ ಕಲ್ಲಿನ ಪಾಚಿ ಹಸಿರು ಬೆರಳ ಸಂದಿಯಲ್ಲಿತ್ತು. ಆವತ್ತಿನಿಂದ ನನ್ನ ಜೊತೆ ಮಾತಾಡುವುದನ್ನು ಬಿಟ್ಟ, ಅಷ್ಟೇ. ಅಕ್ಕನಿಗೂ ಹೇಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅದಾಗಿ ಒಂದು ತಿಂಗಳಿಗೆ ಹಳೇ ಕಟ್ಟಡಗಳ ಸಾಹೇಬರೊಬ್ಬರು ಕ್ಯಾಮೆರಾ ಹಾಕಿಕೊಂಡು ಬಂದರು. ಹಿಂದಿನ ವರ್ಷ ಬಂದಾಗ ಪೂರಾ ಇದ್ದ ಹುಡೇವು ಈಗ ಅರ್ಧ ಇತ್ತು. ಅವರು ತಾಸೀಲ್ದಾರರಿಗೆ ಬೈದರು, ತಾಸೀಲ್ದಾರರು ನಮ್ಮ ಹೋಬಳಿಯ ಸಬ್‌ಇನ್ಸ್‌ಪೆಕ್ಟರಿಗೆ ಬೈದರು. ಮೂರು ದಿನದಲ್ಲಿ ಕಳ್ಳ ಬೇಕು. ಆಗ ಎಮರ್ಜೆನ್ಸಿ. ಮೂರು ದಿನ ಅಂದರೆ ಮೂರೇ ದಿನ. ಮೂರನೆಯ ದಿನ ಬೆಳಗಾಗುವಷ್ಟರಲ್ಲಿ ನಮ್ಮ ಕ್ವಾರಿಯ ದಂಡೆಯ ಮೇಲೆ ಹದಿನೆಂಟು ಕಲ್ಲು ಬಿದ್ದಿದ್ದವು. ಮುರುಗಪ್ಪನ ತಳಪಾಯಕ್ಕೆ ಹಿಡಿಸದೆ ಮಿಕ್ಕ ಕಲ್ಲು. ಯಾವ ಗಾಡಿ ತಂದು ಸುರಿಯಿತು ಎಂದು ಮಣ್ಣಿನ ಮೇಲಿನ ಚಕ್ರದ ಗೆರೆ ನೋಡಿದ ಕುರುಡನೂ ಹೇಳುತ್ತಿದ್ದ. ಗೆರೆ ನೇರ ಮುರುಗಪ್ಪನ ಹಿತ್ತಿಲಿಗೆ ಹೋಗಿತ್ತು.

ಭಾವನನ್ನು ಮೇಲಕ್ಕೆ ಎಳೆದು ತಂದಾಗ ಸಬ್‌ಇನ್ಸ್‌ಪೆಕ್ಟರು ಅದೇ ಚಕ್ರದ ಗೆರೆಯ ಮೇಲೆ ನಿಂತು ಸಿಗರೇಟು ಸೇದುತ್ತಿದ್ದರು. ಪಕ್ಕದಲ್ಲಿ ಮುರುಗಪ್ಪ.

“ಈ ಕಲ್ಲು ಯಾವ್ದೋ?”

“ಹುಡೇವಿಂದು ಸಾಮಿ.”

“ಇಲ್ಲಿಗೆ ಹೆಂಗೋ ಬಂತು?”

“ಗೊತ್ತಿಲ್ಲ ಸಾಮಿ. ಬೆಳಿಗ್ಗೆ ಎದ್ದು ನೋಡಿದ್ರೆ ಇದ್ವು.”

“ಕಲ್ಲಿಗೆ ಕಾಲು ಬಂದಿತ್ತಾ, ನಿನ್ನವ್ವನ?”

ಕೆನ್ನೆಗೆ ಬಿತ್ತು. ಅಕ್ಕ ಗುಡಿಸಲಿಂದ ಓಡಿ ಬಂದಳು. ಮುರುಗಪ್ಪ ನನ್ನ ಕಡೆ ಬೆರಳು ತೋರಿಸಿದ. “ಆ ಓಬಯ್ಯನ್ನೂ ಹತ್ತಿಸ್ಕಳ್ರಿ ಸಾರ್. ನಾಲ್ಕನೇ ಕ್ಲಾಸು ಓದವ್ನೆ. ಸಾಕ್ಷಿಗೆ ಆಗ್ತಾನೆ.”

ಠಾಣೆಯಲ್ಲಿ ಮುರುಗಪ್ಪನಿಗೆ ಕುರ್ಚಿ ಹಾಕಿದರು. ನಾವಿಬ್ಬರೂ ನೆಲದ ಮೇಲೆ. ಸಬ್‌ಇನ್ಸ್‌ಪೆಕ್ಟರು ಒಂದು ಹಾಳೆಯ ತುಂಬ ಬರೆದು ನನ್ನ ಮುಂದೆ ಎಸೆದರು.

“ಓದಿ ಹೇಳೋ ಅವನಿಗೆ. ಕಲ್ಲು ಕ್ವಾರಿ ಹತ್ರ ಸಿಕ್ಕಾವೆ ಅಂತ ಬರ್ದೀನಿ. ಅಷ್ಟೇ ಇರೋದು. ಅಷ್ಟೇ ಓದು.”

ನಾನು ಓದಿದೆ, ಮನಸ್ಸಿನಲ್ಲಿ. ‘ಸದರಿ ಹುಡೇವಿನ ಕಲ್ಲುಗಳನ್ನು ನಾನೇ ಕಿತ್ತು ಮಾರಾಟ ಮಾಡಿರುವುದಾಗಿ ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಂಡಿರುತ್ತೇನೆ.’ ನಾಲ್ಕನೇ ಕ್ಲಾಸಿಗೆ ಅಷ್ಟು ಅರ್ಥವಾಗುತ್ತದೆ. ತಲೆ ಎತ್ತಿ ನೋಡಿದೆ.

ಮುರುಗಪ್ಪ ಅಡಿಕೆ ಕತ್ತರಿಸುತ್ತಿದ್ದ. “ಯಾಕ್ಲಾ ಓಬ, ಅಕ್ಷರ ಮರ್ತೋತಾ?” ಎಂದ, ಬಹಳ ಮೆತ್ತಗೆ. “ಗಾಡಿಗೆ ಹೇರೋವಾಗ ಚುರುಕಾಗಿದ್ದೆಲ್ಲೋ. ಸಾಹೇಬ್ರಿಗೆ ಹೇರಿದೋನ ಹೆಸ್ರೂ ಬೇಕಂತಪ್ಪ. ನಾನೇ ಸುಮ್ನಿದೀನಿ.”

ನಾನು ಹಾಳೆ ಹಿಡಿದುಕೊಂಡು ಗಟ್ಟಿಯಾಗಿ ಓದಿದೆ. “ಹದಿನೆಂಟು ಕಲ್ಲು ಕ್ವಾರಿ ದಂಡೆ ಮ್ಯಾಲೆ ಸಿಕ್ಕಾವೆ ಅಂತ ಬರ್ದವ್ರೆ ಭಾವ. ಅಷ್ಟೇ ಐತೆ.”

ಒಂದು ತಿಂಗಳ ಮೇಲೆ ನಾನು ಅವನೊಂದಿಗೆ ಆಡಿದ ಮೊದಲ ಮಾತು ಅದು. ಅವನು ನಂಬಿದ.

“ಅದು ನಿಜಾನೇ ಸಾಮಿ,” ಎಂದ.

“ಹಂಗಾದ್ರೆ ಒತ್ತು ಹೆಬ್ಬೆಟ್ಟು.”

ಭಾವ ಇಂಕಿನ ಡಬ್ಬಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ. “ನಾನು ಹೆಬ್ಬೆಟ್ಟಿನೋನಲ್ಲ ಸಾಮಿ. ನನಗೆ ಸಹಿ ಐತೆ. ಪೆನ್ನು ಕೊಡ್ರಿ.”

ಇದೊಂದು ಜಂಬ ಅವನಿಗೆ. ರಸ್ತೆ ಕೆಲಸದ ಕಾಲದಲ್ಲಿ ಬಟವಾಡೆಯ ದಿನ ಎಲ್ಲರೂ ಹೆಬ್ಬೆರಳಿಗೆ ಮಸಿ ಬಳಿದುಕೊಂಡು ನಿಂತರೆ ಭಾವ ಒಬ್ಬನೇ ಮೇಸ್ತ್ರಿಯ ಕೈಯಿಂದ ಪೆನ್ನು ತೆಗೆದುಕೊಳ್ಳುತ್ತಿದ್ದ. ಈಗಲೂ ತೆಗೆದುಕೊಂಡ. ನಾನು ಬೇಡ ಎನ್ನಬೇಕಿತ್ತು. ಅವನ ಕೈಗೆ ಒಂದು ಏಟು ಹಾಕಿದ್ದರೂ ಸಾಕಿತ್ತು. ಅವನು ನಾಲಿಗೆ ಹಲ್ಲಿನ ನಡುವೆ ಇಟ್ಟುಕೊಂಡು, ಎರಡು ಉದ್ದ ಗೆರೆ ಎಳೆದು, ನಡುವೆ ಮೂರು ಚುಕ್ಕಿ ಇಟ್ಟು, ಮಸಿ ಒಣಗಲಿ ಎಂದು ಊದಿದ.

ಸಬ್‌ಇನ್ಸ್‌ಪೆಕ್ಟರು ಕೆಳಗೆ ಸಾಕ್ಷಿಯೆಂದು ನನ್ನ ಸಹಿಯನ್ನೂ ಹಾಕಿಸಿಕೊಂಡು, ಭಾವನ ಗುರುತನ್ನೇ ನೋಡಿದರು. ಆಮೇಲೆ ಗೋವಿಂದಪ್ಪನ ಕೈಲಿ ಜೀಪಿನಲ್ಲಿದ್ದ ಒಂದು ಕಲ್ಲು ತರಿಸಿ ಮೇಜಿನ ಮೇಲೆ ಇಡಿಸಿದರು. ಪಕ್ಕದಲ್ಲಿ ಹಾಳೆ ಇಟ್ಟರು. ಮೇಜು ಕುಟ್ಟಿ ನಕ್ಕರು.

“ಛೇರ್ಮನ್ರೆ, ಇಲ್ನೋಡ್ರಿ! ಕಳ್ಳ ಒಂದೊಂದು ಕಲ್ಲಿಗೂ ಸಹಿ ಹಾಕಿ ಕದ್ದವ್ನೆ!”

ಭಾವನಿಗೆ ಇನ್ನೂ ತಿಳಿದಿರಲಿಲ್ಲ. ಸಾಹೇಬರಿಗೆ ಗುರುತು ಸಿಕ್ಕಿತಲ್ಲ ಎಂದು ಅವನ ಮುಖ ಅರಳಿತು. “ಹೌದು ಸಾಮಿ, ಅದೇ ಇದು. ನಮ್ಮ ಮುತ್ತಾತ ಹಾಕಿದ್ದು.”

“ನಿಮ್ಮ ಮುತ್ತಾತ ಬಂದು ಕದ್ದನೇನೋ, ಸೂಳೆಮಗನೆ? ನೀನೇ ಒಪ್ಕಂಡು ಸಹಿ ಹಾಕಿದೀಯ. ಕಲ್ಲು ಕಿತ್ತು ಮಾರಿದೆ ಅಂತ. ಇವನೇ ಓದಿ ಹೇಳಿದ್ನಲ್ಲ.”

ಭಾವ ನನ್ನ ಕಡೆ ತಿರುಗಿದ. ಆ ನೋಟದಲ್ಲಿ ಸಿಟ್ಟಿತ್ತು ಎಂದು ಹೇಳಿಕೊಳ್ಳಲು ನನಗೆ ಆಸೆ. ಇರಲಿಲ್ಲ. ಆ ಕಾಗದದಲ್ಲಿ ಇದ್ದದ್ದು ಏನು, ನಾನು ಯಾಕೆ ಹಾಗೆ ಓದಿದೆ, ಎರಡೂ ಅವನಿಗೆ ಒಟ್ಟಿಗೇ ತಿಳಿಯಿತು. ಅವನು ತಲೆ ತಗ್ಗಿಸಿದ.

ಒಳಗೆ ಹಾಕಿ ಹೊಡೆದರು. ನಾನು ಜಗಲಿಯ ಮೇಲೆ ಕೂತು ಒಂದೊಂದು ಏಟನ್ನೂ ಕೇಳಿದೆ.

“ಜೊತೆಗೆ ಯಾರ್ಯಾರಿದ್ರೋ? ಯಾರು ಹೊತ್ತರು?”

“ನಾನೊಬ್ನೇ ಸಾಮಿ.”

“ಅರ್ಧ ಹುಡೇವು ಒಬ್ನೇ ಹೊತ್ತೇನೋ?”

“ಒಡ್ಡನಲ್ವಾ ಸಾಮಿ. ಹೊತ್ತೆ.”

ಸಂಜೆ ನೀರು ಕೊಡಲು ನನ್ನನ್ನು ಒಳಗೆ ಬಿಟ್ಟರು. ಅವನ ತುಟಿ ಒಡೆದಿತ್ತು, ಬಲಗೈ ಮಣಿಕಟ್ಟು ಊದಿತ್ತು. ಪೇದೆಗೆ ತಿಳಿಯದಿರಲಿ ಎಂದು ನಮ್ಮ ಮನೆಮಾತು ತೆಲುಗಿನಲ್ಲಿ, “ಚೆಪ್ಪೊದ್ದು ರಾ,” ಎಂದ. ಹೇಳಬೇಡ ಕಣೋ ಎಂದು. ನನ್ನನ್ನು ಉಳಿಸಲು ಅಂದದ್ದು. ನಾನು ಉಳಿದುಕೊಂಡೆ. ಲೋಟ ತೆಗೆದುಕೊಂಡು ಹೊರಗೆ ಬಂದೆ.

ಭಾವನನ್ನು ದುರ್ಗದ ಜೈಲಿಗೆ ಕಳಿಸಿದರು. ಅಕ್ಕನ ಬಾಯಲ್ಲಿ ಒಂದೇ ಮಾತು. “ಅವನ್ನ ಬಿಡುಸ್ಕಂಬರ್ಬೇಕು.” ಹೊಳಲ್ಕೆರೆಯ ವಕೀಲರೊಬ್ಬರ ಬಾಗಿಲಿಗೆ ಹೋದೆವು. ಅವರು ನಿಂತಲ್ಲೇ ಕೇಳಿಸಿಕೊಂಡು, “ಬರೀ ಹೆಬ್ಬೆಟ್ಟಾಗಿದ್ರೆ ಬಲವಂತವಾಗಿ ಒತ್ತಿಸಿದ್ರು ಅನ್ಬೋದಿತ್ತಮ್ಮ. ಕಲ್ಲೇ ಸಾಕ್ಷಿ ಹೇಳ್ತಾ ಐತಲ್ಲ. ಅದೂ ಈ ಕಾಲದಲ್ಲಿ,” ಎಂದು ಬಾಗಿಲು ಹಾಕಿಕೊಂಡರು.

ಅಕ್ಕ ಒಂದು ದಿನ ಪೂರ್ತಿ ಒಲೆ ಹಚ್ಚದೆ ಕೂತಿದ್ದಳು. ಆಮೇಲೆ ಒರಳಿನ ಗುಂಡುಕಲ್ಲು ಎತ್ತಿ ಬಟ್ಟೆಯಲ್ಲಿ ಕಟ್ಟಿದಳು. ಅದು ಭಾವನ ತಾತ ಮಾಡಿಕೊಟ್ಟದ್ದು. ತಳದಲ್ಲಿ ಅದೇ ಗುರುತು. “ಆ ಹಳೇ ಕಟ್ಟಡದ ಸಾಹೇಬ್ರು ಓದಿದೋರು. ಇದು ಇವತ್ತಿನ ಗುರುತಲ್ಲ, ಹಿಂದಿಂದ ಬಂದದ್ದು ಅಂತ ಅವ್ರಿಗೆ ತಿಳೀತೈತೆ. ನಡಿಯೋ ಓಬ,” ಎಂದಳು.

ಸಾಹೇಬರು ಆಗ ಚಂದ್ರವಳ್ಳಿಯಲ್ಲಿ ಕೆರೆಯ ಹತ್ತಿರ ಡೇರೆ ಹಾಕಿದ್ದರು. ದುರ್ಗದ ಬಸ್‌ಸ್ಟ್ಯಾಂಡಿನಿಂದ ಅಕ್ಕ ಕಲ್ಲು ಹೊತ್ತು ನಡೆದಳು. ನಾನು ಕೊಡು ಎಂದರೆ ಕೊಡಲಿಲ್ಲ. ಡೇರೆಯ ಮುಂದೆ ಜವಾನ ತಡೆದ. ಸಾಹೇಬರು ತಾವಾಗಿಯೇ ಹೊರಗೆ ಬಂದು, “ಏನಮ್ಮ?” ಎಂದರು. ಒಳ್ಳೆಯ ಮುಖ. ಅಕ್ಕ ಕಲ್ಲಿನ ತಳ ತಿರುಗಿಸಿ ತೋರಿಸಿದಳು. ಆ ಸಾಹೇಬರು ನೆಲದ ಮೇಲೆ ಮಂಡಿಯೂರಿ ಕೂತರು.

“ಇದು ಯಾರು ಕೆತ್ತಿದ್ದು?”

“ನನ್ನ ಗಂಡನ ತಾತ ಸಾಮಿ. ಅವರ ಅಪ್ಪಂದೂ ಅದೇ. ಹುಡೇವಿನಾಗೆ ಇರೋದೂ ಅದೇ.”

“ಅಂದ್ರೆ ಇನ್ನೂರು ವರ್ಷದಿಂದ ಒಂದೇ ಮನೆತನ ಇದೇ ಗುರುತು ಬಳಸ್ತಾ ಇದೆ!” ಎಂದರು ಸಾಹೇಬರು. ನಮಗೆ ಕುಡಿಯಲು ಚಹಾ ತರಿಸಿದರು. ಫೋಟೋ ತೆಗೆದರು. ಅಳೆದರು. ಪುಸ್ತಕದಲ್ಲಿ ಗೆರೆ ಬರೆದುಕೊಂಡರು. ಭಾವನ ಹೆಸರು, ಅವನ ಅಪ್ಪನ ಹೆಸರು, ತಾತನ ಹೆಸರು ಕೇಳಿ ಬರೆದುಕೊಂಡರು. ಅಕ್ಕನ ಮುಖಕ್ಕೆ ಬಣ್ಣ ಬಂತು. ನನಗೂ ಉಸಿರು ಬಂತು. ನಾನು ಬಾಯಿ ಬಿಡದೆಯೇ ಭಾವ ಬಿಡುಗಡೆಯಾಗುತ್ತಾನೆ ಎನಿಸಿತು.

“ಹಂಗಾದ್ರೆ ಅವನ್ನ ಬಿಡಾಕೆ ಹೇಳ್ರಿ ಸಾಮಿ,” ಎಂದಳು ಅಕ್ಕ.

“ಯಾರನ್ನ?”

“ನನ್ನ ಗಂಡನ್ನ. ಅವನು ಕಿತ್ತಿಲ್ಲ. ಗುರುತು ಹಳೇದು ಅಂತ ನೀವೇ ಅಂದ್ರಲ್ಲ.”

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. “ನೋಡಮ್ಮ, ಅದು ಪೊಲೀಸರ ಕೆಲಸ. ನಮ್ಮ ಇಲಾಖೆಗೆ ಸೇರಿದ್ದಲ್ಲ. ಗುರುತು ಹಳೇದು ಅಂತ ನಾನು ಬರೀಬಹುದು, ಆದರೆ ಕಲ್ಲು ಕಿತ್ತವರು ಯಾರು ಅಂತ ನಾನು ಹೇಗೆ ಹೇಳಲಿ? ಕಣ್ಣಾರೆ ನೋಡಿದವರು ಯಾರಾದ್ರೂ ಇದ್ರೆ ಠಾಣೆಗೆ ಹೋಗಿ ಹೇಳ್ಬೇಕು.” ಆಮೇಲೆ ಗುಂಡುಕಲ್ಲಿನ ಮೇಲೆ ಕೈ ಇಟ್ಟರು. “ಇದನ್ನ ಇಲ್ಲೇ ಬಿಟ್ಟುಹೋಗಿ. ಬಹಳ ಅಪರೂಪದ್ದು. ಜೋಪಾನವಾಗಿ ಇಡ್ತೀವಿ.”

ಅಕ್ಕ ಆ ಕೈಯನ್ನು ನೋಡಿದಳು. ಕಲ್ಲು ಬಟ್ಟೆಯಲ್ಲಿ ಕಟ್ಟಿ ತಲೆಯ ಮೇಲೆ ಇಟ್ಟುಕೊಂಡಳು. “ನಾಳೆ ಖಾರ ಅರೀಬೇಕು ಸಾಮಿ,” ಎಂದು ಹೊರಟಳು.

ಕೆರೆಯ ಏರಿಯ ಮೇಲೆ ನನಗೆ ಕಾಲು ಮುಂದೆ ಹೋಗಲಿಲ್ಲ. ಕೂತುಬಿಟ್ಟೆ. ಅಕ್ಕ ತಿರುಗಿ ನೋಡಿದಳು. ಎಲ್ಲ ಹೇಳಿದೆ. ಹನ್ನೊಂದು ದಿನ ಹೇರಿದ್ದು, ರಾಗಿ ತಂದದ್ದು, ಠಾಣೆಯಲ್ಲಿ ಸುಳ್ಳು ಓದಿದ್ದು, ಭಾವ ‘ಚೆಪ್ಪೊದ್ದು’ ಅಂದದ್ದು. ಅವಳು ಕಲ್ಲನ್ನು ತಲೆಯಿಂದ ಇಳಿಸಲೂ ಇಲ್ಲ.

“ಆ ರಾಗೀನ ನಾನೇ ಬೀಸಿದ್ನಲ್ಲೋ,” ಎಂದಳು. “ನಾನೇ ಮುದ್ದೆ ಮಾಡಿ ಅವನಿಗೆ ಇಕ್ಕಿದ್ನಲ್ಲೋ, ಹಾಳಾದೋನೆ.”

ಕಾಲಿನಿಂದ ನನ್ನ ಪಕ್ಕೆಗೆ ಒದ್ದಳು. ಮತ್ತೆ ಒದ್ದಳು. ನಾನು ಅಳುತ್ತಿದ್ದೆ, ಅವಳೂ ಅಳುತ್ತಿದ್ದಳು. ಕೊನೆಗೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಎದ್ದೇಳು. ಹೋಗಾಣ,” ಎಂದಳು.

“ಎಲ್ಲಿಗೆ?”

“ಠಾಣೆಗೆ. ಇನ್ನೆಲ್ಲಿಗೆ ಹೋಗ್ತೀಯ?”

ಸಬ್‌ಇನ್ಸ್‌ಪೆಕ್ಟರು ನನ್ನ ಮಾತನ್ನು ಪೂರ್ತಿ ಕೇಳಿದರು. ಅದೇ ಆಶ್ಚರ್ಯ.

“ಅಂದ್ರೆ ಮುರುಗಪ್ಪನೋರ ಮನೆ ತಳಪಾಯದಾಗೆ ಕಲ್ಲೈತೆ ಅಂತೀಯ.”

“ಹೌದು ಸಾಮಿ. ನಾನೇ ಹೇರಿದ್ದು. ಬರ್ಕಳ್ರಿ. ನನ್ನನ್ನೂ ಒಳಗೆ ಹಾಕ್ರಿ.”

“ನೀನು ಸಾಕ್ಷಿ ಕಣೋ. ಓದಿ ಹೇಳಿ ಕೆಳಗೆ ಸಹಿ ಹಾಕಿದೀಯ.”

“ಓದಿದ್ದು ಸುಳ್ಳು ಸಾಮಿ. ಬರ್ಕಳ್ರಿ.”

“ಕಾಗದ ಇಲ್ಲ, ಹೋಗು,” ಎಂದರು. ಅವರ ಮುಂದೆ ಕಾಗದದ ರಾಶಿಯೇ ಇತ್ತು.

ಮಾರನೆಯ ದಿನ ಹೋದೆವು. ಗೋವಿಂದಪ್ಪ ಕತ್ತು ಹಿಡಿದು ದಬ್ಬಿದ. ಅದರ ಮಾರನೆಯ ದಿನ ಹೋದೆವು. ಲಾಠಿಯಲ್ಲಿ ಕಾಲಿಗೆ ಬಾರಿಸಿದರು, ಅಕ್ಕನ ಮೇಲೆ ಬಕೆಟ್ಟಿನ ಕೊಳೆನೀರು ಎರಚಿದರು. “ಬರ್ಕಳ್ರಿ ಸಾಮಿ,” ಎನ್ನುವುದನ್ನು ನಾನು ಬಿಡಲಿಲ್ಲ. ಧೈರ್ಯ ಬಂದಿತ್ತು ಎಂದಲ್ಲ. ಅಕ್ಕ ಹಿಂದೆ ನಿಂತಿದ್ದಳು, ವಾಪಸು ಹೋಗಲು ದಾರಿ ಇರಲಿಲ್ಲ.

ನಾಲ್ಕನೆಯ ದಿನ ಸಂತೆ. ಸಬ್‌ಇನ್ಸ್‌ಪೆಕ್ಟರು ಜೀಪು ತೆಗೆದುಕೊಂಡು ಎಲ್ಲಿಗೋ ಹೋಗಿದ್ದರು. ನಾನು ಠಾಣೆಯ ಮೊದಲ ಮೆಟ್ಟಿಲ ಪಕ್ಕ ಕೂತೆ. ಆರು ಅಡಿ ಉದ್ದದ ಒಂದೇ ಚಪ್ಪಡಿ. ನಮ್ಮ ಕ್ವಾರಿಯ ಕಲ್ಲೇ ಅದು, ಬಣ್ಣ ನೋಡಿದರೆ ಗೊತ್ತಾಗುತ್ತದೆ. ಚೀಲದಿಂದ ಚಾಣ ತೆಗೆದೆ, ಸುತ್ತಿಗೆ ತೆಗೆದೆ. ಅವರು ಬರೆದುಕೊಳ್ಳದಿದ್ದರೆ ನಾನೇ ಬರೆಯುತ್ತೇನೆ. ನಾಲ್ಕನೇ ಕ್ಲಾಸು ಓದಿದ್ದೇನಲ್ಲ.

ನೀವು ನಂಬುವುದಿಲ್ಲ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಯಾರೂ ನನ್ನನ್ನು ಕೇಳಲಿಲ್ಲ. ಒಡ್ಡ ಕಲ್ಲು ಕುಟ್ಟುತ್ತಿದ್ದರೆ ಏನು ಮಾಡುತ್ತಿದ್ದಾನೆ ಎಂದು ಯಾರು ನೋಡುತ್ತಾರೆ? ಒಬ್ಬ ಪೇದೆ ದಾಟಿಕೊಂಡು ಹೋದ. ಇನ್ನೊಬ್ಬ, “ಧೂಳು ಒಳಗೆ ಬರ್ತೈತೆ, ಮೆಲ್ಲಗೆ ಹೊಡಿಯೋ,” ಎಂದ. ನಾನು ಮೆಲ್ಲಗೆ ಹೊಡೆದೆ. ‘ಮುರುಗಪ್ಪನ ಮನೆಗೆ ಹುಡೇವಿನ ಕಲ್ಲು ಹೇರಿದವನು’ ಅಲ್ಲಿಗೆ ಒಂದು ಸಾಲು. ಕೆಳಗಿನ ಸಾಲಿನಲ್ಲಿ ನನ್ನ ಹೆಸರು. ‘ಓ’ ಮುಗಿಯುವಷ್ಟರಲ್ಲಿ ಜೀಪು ಬಂತು. ಸಬ್‌ಇನ್ಸ್‌ಪೆಕ್ಟರು ಇಳಿದರು, ಓದಿದರು. ನನ್ನ ಎಡಗೈ ಇನ್ನೂ ಚಾಣ ಹಿಡಿದು ಕಲ್ಲಿನ ಮೇಲಿತ್ತು. ಅದರ ಮೇಲೆ ಬೂಟು ಇಟ್ಟು ಪೂರ್ತಿ ಭಾರ ಬಿಟ್ಟರು. ಎರಡು ಬೆರಳು ಹೋದವು.

ನನ್ನನ್ನು ಒಳಗೆ ಹಾಕಿದರು. ಅಷ್ಟರಲ್ಲಿ ಸಂತೆಗೆ ಬಂದವರು ಬಾಗಿ ಓದಲು ಶುರುಮಾಡಿದ್ದರು. ಓದು ಬಾರದವರು ಬಂದವರನ್ನು ಕೇಳುತ್ತಿದ್ದರು. ಪೇದೆಗಳು ಮಣ್ಣು ಮೆತ್ತಿದರು. ಅಕ್ಷರದೊಳಗೆ ಕೆಂಪುಮಣ್ಣು ಕೂತು ಇನ್ನೂ ಚೆನ್ನಾಗಿ ಕಂಡಿತು. ಗೋಣಿತಾಟು ಹಾಸಿದರು, ಜನ ಅದನ್ನು ಎತ್ತಿ ನೋಡಿದರು. ಎರಡು ದಿನಕ್ಕೆ ತಾಸೀಲ್ದಾರರು ಬರುವವರಿದ್ದರು. ಕಲ್ಲಿನಲ್ಲಿ ಕೊರೆದದ್ದು ಹೋಗಬೇಕಾದರೆ ಮೇಲ್ಮೈ ಪೂರ್ತಿ ತಿದ್ದಬೇಕು. ಅದು ಪೊಲೀಸರಿಂದ ಆಗುವ ಕೆಲಸವಲ್ಲ. ಸಬ್‌ಇನ್ಸ್‌ಪೆಕ್ಟರು ಜೀಪು ಹತ್ತಿ ನಮ್ಮ ಹಟ್ಟಿಗೆ ಹೋದರು.

ಅಲ್ಲಿ ನಡೆದದ್ದನ್ನು ಅಕ್ಕ ಆಮೇಲೆ ಕಿಟಕಿಯಲ್ಲಿ ಹೇಳಿದಳು. ಎಲ್ಲರೂ ಗುಂಡಿಯೊಳಗೆ ಜಲ್ಲಿ ಕುಟ್ಟುತ್ತ ಕೂತಿದ್ದರು. “ಒಬ್ಬ ಬರ್ರೋ, ಕಲ್ಲು ತಿದ್ದಬೇಕು,” ಎಂದರಂತೆ. ಸುತ್ತಿಗೆಗಳು ನಿಂತವು. ಯಾರೂ ಏಳಲಿಲ್ಲ. ಮುದುಕ ಬೋರಣ್ಣನನ್ನು ಒದ್ದರು, ಅವನು ಒದ್ದ ಕಡೆಗೆ ವಾಲಿಕೊಂಡು ಅಲ್ಲೇ ಕೂತ. ಎರಡು ಗುಡಿಸಲು ಕೆಡವಿದರು. ಅದರಲ್ಲಿ ಒಂದು ನಮ್ಮದು. ಜೀಪು ಬರಿದಾಗಿ ವಾಪಸು ಬಂತು.

“ಬಾರೋ ಇಲ್ಲಿ,” ಎಂದು ನನ್ನನ್ನು ಹೊರಗೆ ಎಳೆದರು. ನನ್ನ ಸುತ್ತಿಗೆ, ನನ್ನ ಚಾಣ ಕಾಲ ಹತ್ತಿರ ಎಸೆದರು. “ಕೆತ್ತಿದೋನು ನೀನೇ, ಅಳಿಸೋನೂ ನೀನೇ. ಸಂಜೆಯೊಳಗೆ ಕಲ್ಲು ಸಾಫಾಗಿರ್ಬೇಕು. ಇಲ್ದಿದ್ರೆ ನಿನ್ನ ಅಕ್ಕನ್ನ ಒಳಗೆ ಹಾಕ್ತೀನಿ.”

ಅಕ್ಕ ರಸ್ತೆಯಾಚೆ ಹುಣಸೆಮರದ ಕೆಳಗೆ ಗುಂಡುಕಲ್ಲಿನ ಪಕ್ಕ ಕೂತಿದ್ದಳು. ಮನೆ ಕೆಡವಿದ ಮೇಲೆ ಅವಳ ಹತ್ತಿರ ಅದೊಂದು ಉಳಿದಿತ್ತು. ನನ್ನನ್ನೇ ನೋಡುತ್ತಿದ್ದಳು. ಭಾವ ಬರುತ್ತಾನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಇವತ್ತು ಸಂಜೆ ಅವಳ ಗತಿ ಏನು, ಅದೂ ಗೊತ್ತಿರಲಿಲ್ಲ.

ಮೆಟ್ಟಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತೆ. ಎಡಗೈಯಲ್ಲಿ ಚಾಣ ನಿಲ್ಲಲಿಲ್ಲ. ಗೋಣಿಯ ದಾರ ಕಿತ್ತು, ಉಳಿದ ಬೆರಳುಗಳಿಗೆ ಸೇರಿಸಿ ಕಟ್ಟಿಕೊಂಡೆ. ಸಬ್‌ಇನ್ಸ್‌ಪೆಕ್ಟರು ತಲೆಯ ಮೇಲೆ ನಿಂತಿದ್ದರು. ನಾನು ಮೊದಲ ಏಟು ಹಾಕಿದೆ, ಚೂರು ಹಾರಿತು. ಇನ್ನೆರಡು ಹಾಕಿದೆ. ಧೂಳೆದ್ದಿತು. ಕುಟ್ಟುತ್ತಿದ್ದಾನಲ್ಲ, ಇನ್ನೇನು ಎಂದು ಅವರು ಮೂಗು ಮುಚ್ಚಿಕೊಂಡು ಒಳಗೆ ಹೋದರು.

ನಾನು ಚಾಣವನ್ನು ‘ಓ’ ಪಕ್ಕಕ್ಕೆ ಸರಿಸಿ, ‘ಬ’ ಶುರುಮಾಡಿದೆ.

“ಹೋಯ್ತೇನೋ?” ಎಂದು ಒಳಗಿನಿಂದ ಕೂಗಿದರು.

“ಆಗ್ತಾ ಐತೆ ಸಾಮಿ,” ಎಂದೆ.